ನರ್ಸಮ್ಮ ಊರಲ್ಲಿರಲಿಲ್ಲ

ನನ್ನ ಅಕ್ಷರ ದುಂಡಗಿದೆ ಎಂದು ಚಿಕ್ಕಂದಿನಿಂದಲೂ ಹೊಗಳಿಸಿಕೊಂಡವಳು ನಾನು. ಶಿಕ್ಷಕಿಯಾಗಿ ಮಲೆನಾಡಿನ ಒಂದು ಹಳ್ಳಿಗೆ ಬಂದ ಮೇಲೆ ಆ ಹೊಗಳಿಕೆ ನನಗೊಂದು ಹೆಚ್ಚುವರಿ ಕೆಲಸವನ್ನೂ ತಂದುಕೊಟ್ಟಿತು. ಪಡಿತರ ಚೀಟಿ ಬೇಕಾದವರು, ವಿಧವಾ ವೇತನ ನಿಂತುಹೋದವರು, ಸಂಜೆಯ ಬಸ್ಸು ತಮ್ಮ ಊರಿಗೂ ಬರಲಿ ಎನ್ನುವವರು, ಎಲ್ಲರೂ ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಡಿಗೆ ಮನೆಯ ಜಗಲಿಗೆ ಬರುತ್ತಿದ್ದರು. ‘ಟೀಚರಮ್ಮಾ, ಒಂದು ಅರ್ಜಿ ಬರ್ಕೊಡಿ’ ಎನ್ನುತ್ತಿದ್ದರು. ನಾನು ಸಂತೋಷದಿಂದಲೇ ಬರೆದುಕೊಡುತ್ತಿದ್ದೆ. ಹಾಗೆ ಬರೆದ ಅರ್ಜಿಗಳಲ್ಲಿ ಎಷ್ಟೋ ಮರೆತುಹೋಗಿವೆ. ಒಂದನ್ನು ಮಾತ್ರ ಮರೆಯಲಾಗಿಲ್ಲ.

1998ರ ಜುಲೈ ತಿಂಗಳು. ಮಳೆ ಹಿಡಿದು ಹತ್ತು ದಿನವಾಗಿತ್ತು. ನನ್ನ ತರಗತಿಯ ಒಬ್ಬ ಹುಡುಗನ ತಾಯಿಗೆ ದಿನ ತುಂಬುವ ಮೊದಲೇ ರಾತ್ರಿ ಹೆರಿಗೆ ನೋವು ಬಂತು. ಮನೆಯವರು ಲಾಟೀನು ಹಿಡಿದು ಆರೋಗ್ಯ ಉಪಕೇಂದ್ರಕ್ಕೆ ಓಡಿದರು. ಬೀಗ ಹಾಕಿತ್ತು. ನರ್ಸಮ್ಮ ಊರಲ್ಲಿರಲಿಲ್ಲ. ಪಕ್ಕದ ಊರಿನ ಜೀಪು ಬರುವ ಹೊತ್ತಿಗೆ ಮೂರು ತಾಸು ಕಳೆದಿತ್ತು. ಆಗ 108ರ ಆಂಬುಲೆನ್ಸ್ ಇರಲಿಲ್ಲ. ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಾರನೆಯ ಸಂಜೆ ನಮ್ಮ ಜಗಲಿ ತುಂಬಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು. ಸರ್ಕಾರ ಸಂಬಳ ಕೊಡುವುದು ಯಾಕೆ, ಮನೆ ಕೊಟ್ಟಿರುವುದು ಯಾಕೆ, ಬೇಕಾದ ಹೊತ್ತಿಗೆ ಇಲ್ಲದವಳು ಯಾಕೆ ಇರಬೇಕು? ನನಗೂ ಸಿಟ್ಟು ಬಂದಿತ್ತು. ಆ ಹುಡುಗ ಅವತ್ತು ಶಾಲೆಗೆ ಬಂದಿರಲಿಲ್ಲ. ಅವನ ಖಾಲಿ ಜಾಗವನ್ನು ನಾನು ಇಡೀ ದಿನ ನೋಡಿದ್ದೆ. ಕಾಗದ ತೆಗೆದು ಬರೆದೆ. ‘ಸದರಿಯವರು ಕರ್ತವ್ಯದ ಸ್ಥಳದಲ್ಲಿ ಇರುವುದಿಲ್ಲವಾದ್ದರಿಂದ ಇವರನ್ನು ಕೂಡಲೇ ಬೇರೆಡೆಗೆ ವರ್ಗಾಯಿಸಬೇಕಾಗಿ’ ಎಂದು ಮುಗಿಸಿದೆ. 43 ಸಹಿಗಳು ಬಿದ್ದವು. ಬರೆದುಕೊಟ್ಟರೆ ಸಾಕಿತ್ತು, ಆದರೆ ನಾನೂ ಸಹಿ ಹಾಕಿದೆ. ನಮ್ಮ ಅರ್ಜಿಗಳಿಗೆ ಅಷ್ಟು ಬೇಗ ಉತ್ತರ ಬಂದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಎರಡು ತಿಂಗಳೊಳಗೆ ಆಕೆಗೆ ವರ್ಗವಾಯಿತು.

ನರ್ಸಮ್ಮನ ಮಗಳು ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿ ಓದುತ್ತಿದ್ದಳು. ವರ್ಗಾವಣೆ ಪತ್ರಕ್ಕೆಂದು ತಾಯಿ ಶಾಲೆಗೆ ಬಂದರು. ತರಗತಿಯ ಶಿಕ್ಷಕಿ ನಾನೇ ಆದ್ದರಿಂದ ಹಾಜರಾತಿ ಲೆಕ್ಕ ಹಾಕಿಕೊಡಬೇಕಿತ್ತು. ನಾನು ತಲೆ ಎತ್ತದೆ ಲೆಕ್ಕ ಮಾಡುತ್ತಿದ್ದೆ. ಆಕೆ ಬೆಂಚಿನ ಮೇಲೆ ಕುಳಿತು ಸೆರಗಿನಲ್ಲಿ ಮಳೆಯ ನೀರು ಒರೆಸಿಕೊಳ್ಳುತ್ತಾ ಹೇಳಿದರು.

‘ಟೀಚರೇ, ಆವತ್ತು ನಾನು ಹೊಳೆಯಾಚೆ ಇದ್ದೆ. ಅಲ್ಲಿನ ಸೆಂಟರಿಗೆ ಎರಡು ವರ್ಷದಿಂದ ಯಾರೂ ಇಲ್ಲ. ಅದರ ಪ್ರಭಾರ ನನ್ನದೇ. ಅಲ್ಲೂ ಒಂದು ಹೆರಿಗೆ ಇತ್ತು. ರಾತ್ರಿ ಕಾಲುಸಂಕದ ಮೇಲೆ ನೀರು ಹತ್ತಿತು, ವಾಪಸು ಬರೋಕೆ ಆಗಲಿಲ್ಲ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಸಿಸ್ಟರ್, ಇದನ್ನು ನೀವು ಮೊದಲೇ ಹೇಳಬಹುದಿತ್ತಲ್ಲ’ ಎಂದೆ. ‘ಯಾರೂ ಕೇಳಲಿಲ್ಲ’ ಎಂದರು. ಪತ್ರ ತೆಗೆದುಕೊಂಡು ಏಳುವಾಗ ಬಾಗಿಲ ಬಳಿ ನಿಂತು, ‘ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ ಟೀಚರೇ’ ಎಂದರು. ಅವರಿಗೆ ಅರ್ಜಿಯನ್ನು ತೋರಿಸಿ ವಿವರಣೆ ಕೇಳಿದ್ದರೆಂದು ಆಗ ಗೊತ್ತಾಯಿತು. ಆ ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನಾನು ಇವತ್ತಿಗೂ ಹೇಳಲಾರೆ.

ಅವರು ಹೋದ ಮೇಲೆ ಏನಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನಮ್ಮೂರಿಗೆ ಯಾರೂ ಬರಲಿಲ್ಲ. ನಮ್ಮ ಉಪಕೇಂದ್ರವೂ ಇನ್ನೊಬ್ಬ ನರ್ಸಿನ ಪ್ರಭಾರಕ್ಕೆ ಹೋಯಿತು. ಪ್ರತಿ ಗುರುವಾರ ನಡೆಯುತ್ತಿದ್ದ ಮಕ್ಕಳ ಲಸಿಕೆ ತಿಂಗಳಿಗೊಮ್ಮೆಯಾಯಿತು. ಇದ್ದವರನ್ನು ಇಲ್ಲವೆಂದು ಬರೆದು ನಿಜವಾಗಿಯೂ ಇಲ್ಲದಂತೆ ಮಾಡಿಕೊಂಡೆವು.

ಹಾಗಾದರೆ ತಪ್ಪು ಯಾರದು? ಮಗುವನ್ನು ಕಳೆದುಕೊಂಡವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಅವರು ಬಾಗಿಲು ತಟ್ಟಿದಾಗ ಬಾಗಿಲು ತೆರೆಯಬೇಕಾಗಿತ್ತು. ಅದು ಅವರ ಹಕ್ಕು. ನರ್ಸಮ್ಮನದು ತಪ್ಪೆನ್ನಲೂ ಆಗುವುದಿಲ್ಲ. ಇಬ್ಬರು ತಾಯಂದಿರು, ಒಬ್ಬಳು ನರ್ಸು, ನಡುವೆ ತುಂಬಿದ ಹೊಳೆ. ತಪ್ಪು ಮಾಡಿದ್ದು ಹೊಳೆಯಾಚೆಯ ಖಾಲಿ ಕುರ್ಚಿ. ಆದರೆ ಖಾಲಿ ಕುರ್ಚಿಗೆ ಹೆಸರಿಲ್ಲ, ಮುಖವಿಲ್ಲ, ಅದನ್ನು ವರ್ಗ ಮಾಡಲು ಬರುವುದಿಲ್ಲ. ಹಾಗಾಗಿ ನಾವು ಹೆಸರಿದ್ದವರನ್ನು ಹಿಡಿದೆವು. ಬಾರದೇ ಇದ್ದವರ ತಪ್ಪನ್ನು ಬಂದವರ ತಲೆಗೆ ಕಟ್ಟಿದೆವು. ಸಾರ್ವಜನಿಕ ಕೆಲಸದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ನಮಗೆ ಅದು ಅನ್ಯಾಯವೆಂದೇ ತೋರುವುದಿಲ್ಲ.

ಆ ಮೇಲೆ ನಾನು ಈ ವ್ಯವಸ್ಥೆಯ ಬಗ್ಗೆ ಅಲ್ಲಿ ಇಲ್ಲಿ ಓದತೊಡಗಿದೆ. ಬಯಲು ಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಅದರ ಮೇಲೆ ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಇದಕ್ಕೂ ಹಿಂದೆ, ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ಒಂದು ವರದಿ ಕೊಟ್ಟಿತ್ತು. 40,000 ಜನರಿಗೆ ಒಂದು ಕೇಂದ್ರ; ಅಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು, ಅವರ ಜೊತೆಗೆ ಇನ್ನೂ ಹಲವರು. ಅದು ಆರಂಭಕ್ಕಷ್ಟೇ ಸಾಕೆಂದು ಆ ಸಮಿತಿ ಭಾವಿಸಿತ್ತು. ಒಬ್ಬ ಮನುಷ್ಯಳಿಂದ ಎಷ್ಟು ಕೆಲಸ ಸಾಧ್ಯ ಎಂದು ಆಗ ಯಾರೋ ಕುಳಿತು ಯೋಚಿಸಿದ್ದರು ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ಈ ಲೆಕ್ಕವನ್ನೆಲ್ಲ ಒಂದೇ ಪದ ಅಳಿಸಿಹಾಕುತ್ತದೆ. ಆ ಪದ ‘ಪ್ರಭಾರ’. ನಮ್ಮ ಇಲಾಖೆಯಲ್ಲೂ ಇದು ಬಳಕೆಯಲ್ಲಿರುವ ಪದವೇ. ಒಂದು ಹುದ್ದೆ ಖಾಲಿಯಾದಾಗ ಹೊಸಬರು ಬರುವವರೆಗೆ ಪಕ್ಕದವರು ನೋಡಿಕೊಳ್ಳಲಿ ಎನ್ನುವುದು ಅದರ ಉದ್ದೇಶ. ಹದಿನೈದು ದಿನಕ್ಕೆ, ತಿಂಗಳಿಗೆ ಅದು ಸರಿ. ಅದೇ ಎರಡು ವರ್ಷವಾದರೆ? ಕಾಗದದ ಮೇಲೆ ಹುದ್ದೆ ತುಂಬಿದ ಹಾಗೆ ಕಾಣುತ್ತದೆ. ಮೇಲಿನವರಿಗೆ ತಲೆನೋವಿಲ್ಲ. ಪ್ರಭಾರದಲ್ಲಿರುವ ಭಾರ ಮಾತ್ರ ಒಬ್ಬಳ ಹೆಗಲ ಮೇಲಿರುತ್ತದೆ. ಆಕೆ ಈಚೆ ಇದ್ದರೆ ಆಚೆಯವರಿಗೆ ಗೈರುಹಾಜರಿ, ಆಚೆ ಹೋದರೆ ಈಚೆಯವರಿಗೆ ಗೈರುಹಾಜರಿ. ಅಂದರೆ ಯಾವ ದಿನವೂ ಆಕೆ ತಪ್ಪಿತಸ್ಥಳಾಗದೆ ಉಳಿಯುವಂತಿಲ್ಲ.

ನಾನು ಮೇಷ್ಟ್ರ ಜಾತಿಯವಳು. ಆದ್ದರಿಂದ ರಿಜಿಸ್ಟರುಗಳ ಸಂಕಟ ನನಗೆ ಚೆನ್ನಾಗಿ ಗೊತ್ತು. ಆದರೆ ಉಪಕೇಂದ್ರದ ಮೇಜಿನ ಮೇಲಿದ್ದ ರಿಜಿಸ್ಟರುಗಳನ್ನು ಮೊದಲ ಸಲ ನೋಡಿದಾಗ ನಮ್ಮ ಕಷ್ಟ ಸಣ್ಣದೆನಿಸಿತು. ಅರ್ಹ ದಂಪತಿಗಳದೊಂದು, ಗರ್ಭಿಣಿಯರದೊಂದು, ಲಸಿಕೆಯದೊಂದು, ಜನನ ಮರಣದ್ದೊಂದು, ಔಷಧಿ ದಾಸ್ತಾನಿನದೊಂದು. ಈಗ ಇವುಗಳ ಜೊತೆಗೆ ಮೊಬೈಲು, ಪೋರ್ಟಲ್ಲು. ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಪರದೆಯ ಮೇಲೆ ಒತ್ತಬೇಕು. ಗುಡ್ಡದ ತುದಿಯ ಮನೆಗೆ ನಡೆದು ಹೋಗಿ, ಹೆದರಿದ ಹೊಸ ಬಸುರಿಯ ಜೊತೆ ಅರ್ಧ ಗಂಟೆ ಮಾತಾಡಿ, ಅತ್ತೆಯನ್ನು ಒಪ್ಪಿಸಿ, ಆಸ್ಪತ್ರೆಗೆ ಬರುವಂತೆ ಮಾಡಿದರೆ ಅದನ್ನು ಬರೆಯಲು ಯಾವ ಪುಸ್ತಕದಲ್ಲೂ ಕಾಲಂ ಇಲ್ಲ. ನಮ್ಮಲ್ಲೂ ಹಾಗೆಯೇ. ಅಳುತ್ತಾ ಬಂದ ಮಗು ನಗುತ್ತಾ ಮನೆಗೆ ಹೋದದ್ದಕ್ಕೆ ಹಾಜರಿ ಪುಸ್ತಕದಲ್ಲಿ ಜಾಗವಿಲ್ಲ.

ಅಂಕಿಗಳನ್ನೇ ಕೇಳುತ್ತಾ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಕುಟುಂಬ ಯೋಜನೆಯ ‘ಟಾರ್ಗೆಟ್’ ಕಾಲವನ್ನು ಕಂಡವರು ಸಾಕ್ಷಿ. ವರ್ಷಕ್ಕೆ ಇಷ್ಟು ಶಸ್ತ್ರಚಿಕಿತ್ಸೆಯ ‘ಕೇಸು’ ತರಬೇಕೆಂದು ನರ್ಸುಗಳ ಬೆನ್ನು ಹತ್ತುತ್ತಿದ್ದರು. ಎಷ್ಟೋ ಕಡೆ ನಮ್ಮಂಥ ಮೇಷ್ಟ್ರುಗಳನ್ನೂ ಬಿಡುತ್ತಿರಲಿಲ್ಲ. ಮಾರ್ಚಿ ತಿಂಗಳು ಬಂತೆಂದರೆ ಹೆಂಗಸರು ನರ್ಸಮ್ಮನನ್ನು ಕಂಡು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿದ್ದರಂತೆ. 1996ರ ಏಪ್ರಿಲಿನಲ್ಲಿ ಸರ್ಕಾರವೇ ಆ ಗುರಿಪದ್ಧತಿಯನ್ನು ಕೈಬಿಟ್ಟಿತು. ಆದರೆ ಗುರಿ ಬಿಟ್ಟರೂ ಗುರಿಯ ಮನಸ್ಸು ಅಷ್ಟು ಬೇಗ ಬಿಡುವುದಿಲ್ಲ. ಆಗದ ಕೆಲಸವನ್ನು ಆಗಿದೆಯೆಂದು ತೋರಿಸು ಎಂದು ಒತ್ತಾಯಿಸಿದರೆ ಎಂಥ ಪ್ರಾಮಾಣಿಕರೂ ಒಂದು ದಿನ ಸುಳ್ಳು ಬರೆಯಲು ಕಲಿಯುತ್ತಾರೆ. ಆಮೇಲೆ ಅವರನ್ನು ಸುಳ್ಳುಗಾರರೆಂದು ಕರೆಯುತ್ತೇವೆ. ಕಲಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದಾಗ ಓದುಗರಲ್ಲಿ ಕೆಲವರಿಗೆ ಕೋಪ ಬಂದಿರಬಹುದು. ‘ನಮ್ಮೂರಿನ ಆಸ್ಪತ್ರೆಗೆ ಬಂದು ನೋಡಿ, ಪೇಟೆಯಲ್ಲಿ ಮನೆ ಮಾಡಿಕೊಂಡು ವಾರಕ್ಕೆರಡು ದಿನ ಬಂದು ಸಹಿ ಹಾಕಿ ಹೋಗುವವರಿದ್ದಾರೆ’ ಎನ್ನಬಹುದು. ಇದ್ದಾರೆ, ನಾನೂ ಕಂಡಿದ್ದೇನೆ. ಶಾಲೆಗಳಲ್ಲೂ ಇದ್ದಾರೆ. ಅಂಥವರನ್ನು ಕೇಳಲೇಬೇಕು. ಬಡವರಿಗೆ ಇರುವುದು ಅದೊಂದೇ ಆಸ್ಪತ್ರೆ. ಅಲ್ಲಿಯ ಸೋಮಾರಿತನ ಪ್ರಾಣದ ಜೊತೆ ಆಡುವ ಆಟ. ನೌಕರರ ಕಷ್ಟದ ಹೆಸರಿನಲ್ಲಿ ಅದನ್ನು ಮುಚ್ಚಿಡುವುದು ಕಷ್ಟಪಟ್ಟು ದುಡಿಯುವವರಿಗೇ ಮಾಡುವ ಅವಮಾನ.

ಆದರೆ ಕೇಳುವುದಕ್ಕೂ ಒಂದು ಕ್ರಮವಿದೆ. ‘ನೀನು ಯಾಕೆ ಇರಲಿಲ್ಲ?’ ಎಂದು ಕೇಳುವ ಮೊದಲು ‘ನಿನ್ನನ್ನು ಎಲ್ಲಿ ಇಟ್ಟಿದ್ದೇವೆ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಬೇಕು. ಆ ನರ್ಸಮ್ಮನಿಗೆ ಕೊಟ್ಟಿದ್ದ ವಸತಿಗೃಹವನ್ನು ಅವರು ಹೋದ ಮೇಲೆ ನಾನು ನೋಡಿದೆ. ಅಡುಗೆಮನೆಯ ಮಾಡು ಸೋರುತ್ತಿತ್ತು. ಹಿಂಬಾಗಿಲಿಗೆ ಅಗುಳಿ ಇರಲಿಲ್ಲ, ಒಂದು ಒರಳುಕಲ್ಲನ್ನು ಅಡ್ಡ ಇಟ್ಟಿದ್ದರು. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು. ತಾಯಿ ಮಗಳಿಬ್ಬರೇ ಆ ಒರಳುಕಲ್ಲನ್ನು ನಂಬಿ ನಾಲ್ಕು ಮಳೆಗಾಲ ಕಳೆದಿದ್ದರು. ನಮ್ಮ 43 ಸಹಿಗಳಲ್ಲಿ ಒಂದಾದರೂ ಆ ಅಗುಳಿಗಾಗಿ ಬಿದ್ದಿರಲಿಲ್ಲ. ಹೊಣೆ ಎನ್ನುವುದು ಕೊಡುವವರಿಗೂ ಇದೆ, ಮಾಡುವವರಿಗೂ ಇದೆ. ಒಂದು ಕಡೆಯದನ್ನು ಮಾತ್ರ ಎಣಿಸಿದರೆ ಅದು ಹೊಣೆಯಲ್ಲ, ದಬ್ಬಾಳಿಕೆ.

ಆ ಮೇಲೆ ಕಾಲ ಬದಲಾಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರ ಜೊತೆಗೆ ‘ಆಶಾ’ ಬಂದಳು. ಸುಮಾರು 1,000 ಜನರಿಗೆ ಒಬ್ಬಳು, ಅದೇ ಊರಿನ ಸೊಸೆಯೋ ಮಗಳೋ. ನಮ್ಮ ರಾಜ್ಯದಲ್ಲಿ ಈಗ ಅವರು 40,000ಕ್ಕೂ ಹೆಚ್ಚಿದ್ದಾರೆ. ಹೆರಿಗೆಗಳು ಮನೆಯ ಕತ್ತಲ ಕೋಣೆಯಿಂದ ಆಸ್ಪತ್ರೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಉಪಕೇಂದ್ರಗಳಿಗೂ ಹೆಸರು ಬದಲಾಯಿತು, ನರ್ಸಮ್ಮನ ಹುದ್ದೆಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂಬ ದೊಡ್ಡ ಹೆಸರು ಬಂತು. ಹಳ್ಳಿಯವರ ಬಾಯಲ್ಲಿ ಆಕೆ ಈಗಲೂ ನರ್ಸಮ್ಮನೇ.

ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ ಆಶಾ ಕಾರ್ಯಕರ್ತೆಯಾಗಿದ್ದಾಳೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಹಬ್ಬಿದಾಗ ಮಲೆನಾಡೆಲ್ಲ ನಡುಗಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಉಣುಗಿನಿಂದ ಹರಡುವುದು. ದರಕು ತರಲು ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಕೊಡುವುದು, ಸತ್ತ ಮಂಗ ಕಂಡರೆ ತಿಳಿಸುವುದು, ಜ್ವರ ಬಂದವರ ಲೆಕ್ಕವಿಡುವುದು, ಇದೆಲ್ಲ ಆಶಾಗಳ ಕೆಲಸ. ಅವಳೂ ಎಣ್ಣೆಯ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಮನೆ ಸುತ್ತಿದಳು. 2020ರಲ್ಲಿ ಕೊರೋನಾ ಬಂದಾಗ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದೆವು. ಆಕೆ ಹೊರಗಿದ್ದಳು. ನಮ್ಮ ಗೇಟಿನಾಚೆ ನಿಂತು ‘ಟೀಚರ್, ಜ್ವರ ಕೆಮ್ಮು ಯಾರಿಗಾದ್ರೂ ಇದೆಯಾ?’ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ನೀರು ಬೇಕಾ ಎಂದು ಕೇಳಲೂ ಅಂದು ನನಗೆ ಧೈರ್ಯವಾಗಲಿಲ್ಲ.

ಇಷ್ಟು ಮಾಡುವ ಇವಳು ಸರ್ಕಾರದ ಕಾಗದದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಆಕೆಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂದು ಎಣಿಸಿ ಕೊಡುವ ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ಏರದಿದ್ದರೆ ಅದರ ಹಣವೂ ಇಲ್ಲ ಎನ್ನುವುದು ಅವರ ಹಳೆಯ ದೂರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಪತ್ರಿಕೆಯಲ್ಲಿ ಓದಿ ಅವಳಿಗೆ ಫೋನು ಮಾಡಿದೆ. ‘ಹೌದಂತೆ ಟೀಚರ್. ಆದ್ರೆ ಎರಡು ತಿಂಗಳಿಂದ ದುಡ್ಡು ಬಂದಿಲ್ಲ’ ಎಂದಳು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆಂಬ ಭರವಸೆ ಸಿಕ್ಕ ಮೇಲೆಯೇ ಅವರು ಎದ್ದದ್ದು.

‘ಸೇವೆ’ ಎನ್ನುವ ಪದದ ಬಗ್ಗೆ ನನಗೆ ಬಹಳ ಗೌರವವಿತ್ತು. ನಾನೂ ಮಕ್ಕಳಿಗೆ ಆ ಪದವನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಈಗ ಬಳಸುವಾಗ ಸ್ವಲ್ಪ ಹೆದರುತ್ತೇನೆ. ಸೇವೆ ಎನ್ನುವುದು ನಾನಾಗಿ ಕೊಡಬಹುದಾದದ್ದು. ಇನ್ನೊಬ್ಬರಿಂದ ಕೇಳಿ ಪಡೆಯಬಹುದಾದದ್ದಲ್ಲ. ಕೇಳಿ, ಹೆದರಿಸಿ, ಲೆಕ್ಕವಿಟ್ಟು ಮಾಡಿಸಿಕೊಂಡರೆ ಅದಕ್ಕೆ ನಮ್ಮ ಹಿರಿಯರೇ ಬೇರೆ ಹೆಸರಿಟ್ಟಿದ್ದಾರೆ: ಬಿಟ್ಟಿ ಚಾಕರಿ. ಅದರಲ್ಲೂ ಹೆಂಗಸರ ಕೆಲಸವೆಂದರೆ ನಮಗೆ ತಟ್ಟನೆ ಸೇವೆಯೆನ್ನುವ ಮಾತೇ ನೆನಪಾಗುತ್ತದೆ. ಅಡುಗೆಯಿಂದ ಬಾಣಂತನದವರೆಗೆ ಮನೆಯಲ್ಲಿ ಅದಕ್ಕೆ ಬೆಲೆ ಕಟ್ಟಿದವರಿಲ್ಲ. ಅದೇ ಅಭ್ಯಾಸವನ್ನು ಸರ್ಕಾರವೂ ನಮ್ಮ ಮನೆಗಳಿಂದಲೇ ಕಲಿತಿದೆಯೇನೋ.

ಕೆಲವು ವರ್ಷಗಳ ಹಿಂದೆ ಊರಿನ ಆರೋಗ್ಯ ಸಮಿತಿಯಲ್ಲಿ ಕೂರುವ ಅವಕಾಶ ನನಗೆ ಬಂತು. ಆಗಲೂ ಒಮ್ಮೆ ಅಂಥದೇ ಮಾತು ಎದ್ದಿತು. ನರ್ಸಮ್ಮ ಸರಿಯಾಗಿ ಸಿಗುವುದಿಲ್ಲ, ಮೇಲಕ್ಕೆ ಬರೆಯಬೇಕು ಎಂದರು. ‘ಬರೆಯೋಣ, ಮೊದಲು ಅವರನ್ನೇ ಕರೆದು ಕೇಳೋಣ’ ಎಂದೆ. ಆಕೆ ತಮ್ಮ ಪ್ರವಾಸದ ದಿನಚರಿ ತಂದು ಇಟ್ಟರು. ಮತ್ತೆ ಅದೇ ಕತೆ, ಎರಡು ಉಪಕೇಂದ್ರದ ಭಾರ. ಆ ದಿನ ನಾನು ಬರೆದ ಅರ್ಜಿ ಆಕೆಯನ್ನು ತೆಗೆಯಿರಿ ಎಂದಲ್ಲ, ಖಾಲಿ ಹುದ್ದೆಯನ್ನು ತುಂಬಿರಿ ಎಂದು. ಅದಕ್ಕೆ ಬಿದ್ದ ಸಹಿಗಳು 11. ಉಳಿದವರು ‘ಅದೆಲ್ಲ ಆಗೋ ಮಾತಲ್ಲ ಬಿಡಿ’ ಎಂದು ಎದ್ದುಹೋದರು. ಹುದ್ದೆ ತುಂಬಲು ಮತ್ತೆ ಮೂರು ಅರ್ಜಿ, ಹದಿನಾಲ್ಕು ತಿಂಗಳು ಬೇಕಾದವು. ಒಬ್ಬರನ್ನು ತೆಗೆಸಲು ಎರಡು ತಿಂಗಳು, ಒಬ್ಬರನ್ನು ತರಿಸಲು ಹದಿನಾಲ್ಕು.

ಒಂದು ಮಾತು ಉಳಿದಿದೆ. ಆ ಮಳೆಗಾಲದಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ನಿಜ ಹೇಳಬೇಕೆಂದು ನಾನು ಎಷ್ಟೋ ದಿನ ಒದ್ದಾಡಿದೆ. ಹೇಳಿದರೆ ಅವಳ ನೋವಿಗೆ ನೆಪ ಹೇಳಿದ ಹಾಗಾಗುತ್ತದೆ, ಹೇಳದಿದ್ದರೆ ಇನ್ನೊಬ್ಬಳ ಮೇಲಿನ ಅಪವಾದ ಹಾಗೆಯೇ ಉಳಿಯುತ್ತದೆ. ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಹೊಳೆಯಾಚೆಯ ಹೆರಿಗೆ, ಕಾಲುಸಂಕ, ಖಾಲಿ ಸೆಂಟರು, ನಾನು ಬರೆದ ಅರ್ಜಿ.

ಆಕೆ ಕತ್ತಿಯಿಂದ ಕೈ ತೆಗೆಯದೆ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ‘ಅಲ್ಲಿ ಮಗು ಉಳೀತಾ ಅಮ್ಮಾ?’ ಎಂದಳು.

‘ಉಳೀತಂತೆ’ ಎಂದೆ.

‘ಹಂಗಾರೆ ಒಂದಾದ್ರೂ ಉಳೀತು’ ಎಂದು ಮತ್ತೆ ಅಡಿಕೆ ಸುಲಿಯತೊಡಗಿದಳು. ಅದು ಸಮಾಧಾನವೋ, ಸಂಕಟವೋ ನಾನು ಅಳೆಯಲು ಹೋಗಲಿಲ್ಲ. ಅರ್ಜಿ ಬರೆಯುವ ಮೊದಲು ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಕೆ ಕೇಳಿದ್ದಳು. ನರ್ಸಮ್ಮ ಇಲ್ಲಿ ಇರಲಿಲ್ಲ ಎಂಬುದಷ್ಟೇ ನಮಗೆಲ್ಲ ಕಂಡಿತ್ತು. ಎಲ್ಲಿದ್ದಳು, ಅಲ್ಲಿ ಏನಾಯಿತು ಎಂದು ಕೇಳಿದವಳು ಆಕೆಯೊಬ್ಬಳೇ.

ಈಗಲೂ ಸಂಜೆ ಹೊತ್ತು ಯಾರಾದರೂ ಅರ್ಜಿ ಬರೆಸಲು ಬರುತ್ತಾರೆ. ನಾನು ಕಾಗದ ತೆಗೆಯುವುದು ಸ್ವಲ್ಪ ನಿಧಾನ. ಮೊದಲು ಅವರನ್ನು ಕೂರಿಸಿ ಕಾಫಿ ಕೊಡುತ್ತೇನೆ. ಆಮೇಲೆ, ‘ಅವರನ್ನು ಒಂದು ಮಾತು ಕೇಳಿದ್ರಾ?’ ಎನ್ನುತ್ತೇನೆ.